ಎಡಗಣ್ಣಿನ ಹಿಂದಿನ ಸದ್ದು

ನವೆಂಬರ್ 8, ಶನಿವಾರ

ಮೊನ್ನೆ ಗುರುವಾರ ಸಂಜೆ ಶಾಲೆಯಿಂದ ಬರುವಾಗ ಸ್ಕೂಟರಿನಿಂದ ಬಿದ್ದೆ. ಗುಂಡಿಗೆ ಬಿದ್ದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ನಾನು ಬಿದ್ದದ್ದು ಮೆಕ್ಕೆಜೋಳದ ಮೇಲೆ. ಸೊರಬದಿಂದ ಶಿರಾಳಕೊಪ್ಪಕ್ಕೆ ಬರುವ ದಾರಿಯಲ್ಲಿ ಅರ್ಧ ರಸ್ತೆಗೆ ಕಾಳು ಹರವಿ ಒಣಗಿಸಿದ್ದರು. ಎದುರಿಗೆ ಬಸ್ಸು ಬಂತು, ನಾನು ಪಕ್ಕಕ್ಕೆ ಸರಿದೆ, ಚಕ್ರ ಕಾಳಿನ ಮೇಲೆ ಹೋಯಿತು. ಆಮೇಲೆ ನೆನಪಿರುವುದು ಆಕಾಶ. ಹೆಲ್ಮೆಟ್ ಇತ್ತು, ಪಟ್ಟಿ ಬಿಗಿದಿರಲಿಲ್ಲ. ಅದು ನನಗಿಂತ ಮುಂದೆ ಉರುಳಿಕೊಂಡು ಹೋಗಿ ನಿಂತಿತ್ತಂತೆ. ಶೂ ಲೇಸ್ ಸರಿಯಾಗಿ ಕಟ್ಟಿ ಎಂದು ದಿನಾ ಮಕ್ಕಳಿಗೆ ಗದರುವ ಪಿ.ಟಿ. ಮೇಡಂ ನಾನು.

ಎಡ ಹುಬ್ಬಿಗೆ ಹೊಲಿಗೆ ಬಿದ್ದಿದೆ. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದರು. ಎಡಗಣ್ಣಿನ ಹಿಂದೆ, ತಲೆಬುರುಡೆಯ ತಳದಲ್ಲಿ ಕೂದಲೆಳೆಯಂಥ ಬಿರುಕಿದೆಯಂತೆ. ಮಿದುಳಿಗೆ ಏನೂ ಆಗಿಲ್ಲ, ಎರಡು ವಾರ ಮನೆಯಲ್ಲಿರಿ, ಹೊಸದಾಗಿ ಏನಾದರೂ ಕಾಣಿಸಿದರೆ ಬನ್ನಿ ಎಂದರು.

ನಮ್ಮ ಯಜಮಾನರು ಈಶ್ವರ್ ಒಂದು ದಿನ ಇದ್ದು ಇವತ್ತು ಹರಿಹರದ ಕಡೆ ಹೊರಟರು. ಅವರದ್ದು ಭತ್ತ ಕೊಯ್ಯುವ ಮಿಷನ್ನಿನ ವ್ಯವಹಾರ. ಈಗ ಸುಗ್ಗಿ, ಮಿಷನ್ ನಿಂತರೆ ಆಗುವುದಿಲ್ಲ. ಎರಡು ವಾರ ಈ ಮನೆಯಲ್ಲಿ ನಾನು ಮತ್ತು ಅತ್ತೆಯವರು ಇಬ್ಬರೇ. ಮದುವೆಯಾಗಿ ಮೂರು ವರ್ಷವಾಯಿತು, ಹೀಗೆ ಇಬ್ಬರೇ ಹಗಲಿಡೀ ಇದ್ದದ್ದು ಇಲ್ಲವೇ ಇಲ್ಲ. ಬೆಳಿಗ್ಗೆ ಏಳಕ್ಕೆ ಹೊರಟರೆ ಕತ್ತಲಾದ ಮೇಲೆ ಬರುವವಳು ನಾನು. ಅದರಲ್ಲಿ ಒಂದು ಸುಖವಿತ್ತು.

ನವೆಂಬರ್ 12, ಬುಧವಾರ

ಅತ್ತೆಯವರ ಟಿವಿ ಬೀದಿಯ ತುದಿಗೂ ಕೇಳುತ್ತದೆ. ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಕೂತರೆಂದರೆ ಧಾರಾವಾಹಿಯ ಮೇಲೆ ಧಾರಾವಾಹಿ. ನಡುವೆ ನನ್ನನ್ನು ನೋಡಲು ಬಂದವರಿಗೆ ಅಪಘಾತದ ವರ್ಣನೆ. ಮೊದಲ ದಿನ ರಸ್ತೆಯಲ್ಲಿ ಒಂದಿಷ್ಟು ಜೋಳ ಇತ್ತು. ಇವತ್ತು ಪಕ್ಕದ ಮನೆಯ ಲೋಕಮ್ಮನಿಗೆ ಹೇಳುವಾಗ ಅದು ಆಳೆತ್ತರದ ರಾಶಿಯಾಗಿತ್ತು.

"ಇವಳು ರಾಶಿ ಹತ್ತಿ ಇಳಿದಾಳೆ ನೋಡವ್ವ," ಎಂದರು. ಲೋಕಮ್ಮ ನನ್ನನ್ನು ನೋಡಿದ ರೀತಿಗೆ ನಾನು ಒಳಗೆ ಹೋದೆ.

ನವೆಂಬರ್ 16, ಭಾನುವಾರ

ನಿನ್ನೆಯಿಂದ ತಲೆಯೊಳಗೆ ಒಂದು ಸದ್ದು. ಹುಸ್ಸ್, ಹುಸ್ಸ್, ಹುಸ್ಸ್. ಯಾರೋ ದೂರದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿರುವ ಹಾಗೆ. ಮೊದಲು ಹೊರಗಿನದ್ದು ಎಂದುಕೊಂಡೆ. ಕಿಟಕಿ ಮುಚ್ಚಿದೆ, ಇನ್ನೂ ಜೋರಾಯಿತು.

ಓಡಿ ಬಂದ ಮಕ್ಕಳ ನಾಡಿ ನೋಡುವ ಅಭ್ಯಾಸ ನನಗೆ. ಸುಮ್ಮನೆ ಕೈಯ ನಾಡಿ ಹಿಡಿದು ನೋಡಿದೆ. ಸದ್ದೂ ನಾಡಿಯೂ ಒಂದೇ ತಾಳ. ಮೆಟ್ಟಿಲು ಹತ್ತಿ ಇಳಿದರೆ ಅದೂ ಏದುಸಿರು ಬಿಡುತ್ತದೆ.

ಈಶ್ವರ್‌ಗೆ ಫೋನಿನಲ್ಲಿ ಹೇಳಿದೆ. "ಮೊಬೈಲ್ ಕಡಿಮೆ ನೋಡು, ಸರಿ ಹೋಗುತ್ತೆ," ಎಂದರು. ಅವರ ಹಿಂದೆ ಮಿಷನ್ ಗುಡುಗುಡು ಎನ್ನುತ್ತಿತ್ತು. ಅಷ್ಟು ಸದ್ದಿನಲ್ಲಿ ನಿಂತವರಿಗೆ ನನ್ನ ಸದ್ದು ಹೇಗೆ ಅರ್ಥವಾಗಬೇಕು.

ಅತ್ತೆಯವರಿಗೆ ಹೇಳಲಿಲ್ಲ. ಹೇಳಿದರೆ ನಾಳೆ ಊರಿಗೆಲ್ಲ ಗೊತ್ತಾಗುತ್ತದೆ. ಸಂಜೆಯ ಹೊತ್ತಿಗೆ ನನ್ನ ತಲೆಯೊಳಗೆ ಮಿಲ್ಲೇ ನಡೆಯುತ್ತಿರುತ್ತದೆ.

ನವೆಂಬರ್ 20, ಗುರುವಾರ

ಎಡಗಣ್ಣು ಕೆಂಪಾಗಿದೆ. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿಕೊಂಡೆ. ಶಿವಮೊಗ್ಗದವರು ಏನಾದರೂ ಹೊಸದು ಕಾಣಿಸಿದರೆ ಬನ್ನಿ ಎಂದಿದ್ದರು ನಿಜ. ಕಣ್ಣು ಕೆಂಪಾಗುವುದರಲ್ಲಿ ಹೊಸದೇನಿದೆ? ಸೊರಬದಲ್ಲಿ ಅರ್ಧ ಶಾಲೆಗೆ ಮದ್ರಾಸ್ ಐ ಬಂದು ಹೋಗಿದೆ.

ಸದ್ದು ಹಾಗೇ ಇದೆ. ಟಿವಿ ಜೋರಾಗಿದ್ದರೆ ಗೊತ್ತಾಗುವುದಿಲ್ಲ. ಇವತ್ತು ನಾನೇ ಹೋಗಿ ಧಾರಾವಾಹಿಯ ಮುಂದೆ ಕೂತೆ. ಅತ್ತೆಯವರಿಗೆ ಬಹಳ ಆಶ್ಚರ್ಯ. ಯಾರು ಯಾರ ಮಗ, ಯಾರು ಯಾರಿಗೆ ವಿಷ ಹಾಕಿದರು, ಎಲ್ಲ ವಿವರಿಸಿದರು. ಒಂದೂ ತಲೆಗೆ ಹೋಗಲಿಲ್ಲ.

ನವೆಂಬರ್ 25, ಮಂಗಳವಾರ

ನಿನ್ನೆಯಿಂದ ಶಾಲೆಗೆ ಹೋಗುತ್ತಿದ್ದೇನೆ, ಬಸ್ಸಿನಲ್ಲಿ. ಕಪ್ಪು ಕನ್ನಡಕ ಹಾಕಿಕೊಂಡಿದ್ದಕ್ಕೆ ಹುಡುಗಿಯರಿಗೆ ಖುಷಿಯೋ ಖುಷಿ.

ಸಂಜೆ ಥ್ರೋಬಾಲ್ ಅಭ್ಯಾಸ. ತಂಡದ ನಾಯಕಿ ಸಮೀಕ್ಷಾ ಎಡಗಡೆಯಿಂದ ಚೆಂಡು ಎಸೆದಳು. ಎರಡು ಚೆಂಡು ಬಂದವು. ನಾನು ಇಲ್ಲದ್ದನ್ನು ಹಿಡಿದೆ. ಇದ್ದದ್ದು ಹೆಗಲಿಗೆ ಬಡಿಯಿತು.

"ಮೇಡಂ, ನೀವು ನಮಗೆ ಬೈಯೋ ಹಾಗೇ ಇಲ್ಲ ಇವತ್ತು," ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನೆಟ್ಟಿನ ಎಡಗಂಬ ಎರಡಾಗಿ ಕಾಣುತ್ತಿತ್ತು. ಬಲಗಂಬ ಒಂದೇ ಇತ್ತು.

ಹೆಡ್‌ಮೇಡಂ ವಾಗ್ದೇವಿಯವರು ಕನ್ನಡಕ ತೆಗೆಸಿ ನೋಡಿದರು. "ಇದು ಮದ್ರಾಸ್ ಐ ಥರ ಕಾಣಲ್ಲ ರೀ. ಕಣ್ಣು ಮುಂದೆ ಬಂದ ಹಾಗಿದೆ. ಮೊದಲು ಯಾರಿಗಾದ್ರೂ ತೋರಿಸಿ."

ಮನೆಗೆ ಬಂದು ಕನ್ನಡಿ ನೋಡಿದೆ. ಹೌದು, ಸ್ವಲ್ಪ ಮುಂದೆ ಬಂದಿದೆ.

ನವೆಂಬರ್ 26, ಬುಧವಾರ

ಇವತ್ತು ನಡೆದದ್ದನ್ನು ಪೂರ್ತಿ ಬರೆಯಬೇಕು.

ರಜೆ ಹಾಕಿದ್ದೆ. ಕಣ್ಣು ಕೆಂಪಾಗಿರುವುದು ಉಷ್ಣಕ್ಕೆ ಎಂದು ತೀರ್ಮಾನಿಸಿ ಅತ್ತೆಯವರು ಹರಳೆಣ್ಣೆ ಬಟ್ಟಲು ಹಿಡಿದು ಬಂದರು. ಬೇಡ ಎಂದರೆ ಕೇಳುವವರಲ್ಲ. ಅವರ ಮುಂದೆ ಕೂತೆ. ನೆತ್ತಿಗೆ ಎಣ್ಣೆ ಬಿತ್ತು, ಕೈ ಆಡತೊಡಗಿತು. ಟಿವಿಯಲ್ಲಿ ಯಾರೋ ಅಳುತ್ತಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು.

ಮನೆ ಥಟ್ಟನೆ ಸ್ತಬ್ಧ. ನನ್ನ ಸದ್ದು ಎದ್ದು ಕೂತಿತು. ಅತ್ತೆಯವರು ನನ್ನ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡು ಕಿವಿಯ ಹಿಂದೆ ಎಣ್ಣೆ ಸವರುತ್ತಿದ್ದರು. ಕೈ ನಿಂತಿತು.

"ಏನದು?" ಎಂದರು.

"ಯಾವುದು?"

"ಸುಮ್ನಿರು."

ಬಗ್ಗಿ ನನ್ನ ಎಡ ಕೆನ್ನೆಲುಬಿಗೆ ಕಿವಿ ಹಚ್ಚಿದರು. ಅವರ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು, ವಿಭೂತಿಯ ವಾಸನೆ.

"ಒಳಗೆ ಏನೋ ಬುಸುಗುಡ್ತೈತೆ ದೀಪಾ. ಹುಸ್ ಹುಸ್ ಅಂತೈತೆ. ನಿಂಗೆ ಕೇಳ್ತೈತಾ?"

ಹೌದೆಂದು ತಲೆಯಾಡಿಸಿದೆ.

"ಎಷ್ಟು ದಿನ ಆತು?"

"ಹತ್ತು ಹನ್ನೆರಡು ದಿನ."

"ಹೇಳಬಾರದಾ?"

"ಯಾರಿಗೂ ಕೇಳಲ್ಲ ಅಂದ್ಕೊಂಡಿದ್ದೆ."

"ನಂಗೆ ಕೇಳ್ತಲ್ಲ," ಎಂದರು.

ಆಮೇಲೆ ಕಣ್ಣಲ್ಲಿ ನೀರು ಬಂತು. ಎಣ್ಣೆ ಕಣ್ಣಿಗೆ ಇಳಿದಿತ್ತು.

ಕರೆಂಟ್ ಬಂತು, ಟಿವಿ ಮತ್ತೆ ಅಳತೊಡಗಿತು. ಅತ್ತೆ ಎದ್ದು ಹೋಗಿ ಅದನ್ನು ಆರಿಸಿ ಮಗನಿಗೆ ಫೋನ್ ಮಾಡಿದರು. "ಮಿಷನ್ ಅಲ್ಲೇ ನಿಲ್ಸು. ಡ್ರೈವರ್‌ಗೆ ಕೊಡ್ತೀಯೋ, ಹೊಲದಾಗೇ ಬಿಡ್ತೀಯೋ ನಂಗೊತ್ತಿಲ್ಲ. ನಾಳೆ ಬೆಳಗಾಗೋದ್ರಾಗೆ ಕಾರ್ ತಗಂಡು ಬಾ." ಅತ್ತ ಕಡೆಯಿಂದ ಏನೋ ಕೇಳಿದರು. "ನಾನೇ ಕಿವಿಯಾರೆ ಕೇಳೀನಿ," ಎಂದು ಫೋನ್ ಇಟ್ಟರು.

ನವೆಂಬರ್ 27, ಗುರುವಾರ

ಶಿವಮೊಗ್ಗದ ಕಣ್ಣಿನ ಡಾಕ್ಟರ್ ಮಾನಸ ಅವರು ನನ್ನ ವಯಸ್ಸಿನವರೇ. ಕಣ್ಣು ನೋಡಿದರು, ಒತ್ತಡ ಅಳೆದರು, ಎಡಗಡೆ ನೋಡಿ ಎಂದರು. ಎಡಗಣ್ಣು ಎಡಕ್ಕೆ ಹೋಗದೆ ನಡುವೆಯೇ ನಿಂತಿತ್ತಂತೆ. ತಲೆಗೆ ಪೆಟ್ಟು ಬಿದ್ದದ್ದು ಕೇಳಿದರು, ಸದ್ದಿನ ವಿಷಯ ಕೇಳಿದರು. ಆಮೇಲೆ ಕಣ್ಣು ಮುಚ್ಚಿಸಿ ರೆಪ್ಪೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರು. ಕಣ್ಣಿಗೆ ಸ್ಟೆತಾಸ್ಕೋಪ್ ಇಡುವುದನ್ನು ನಾನು ಇದೇ ಮೊದಲು ಕಂಡಿದ್ದು. ಕಂಡಿದ್ದು ಎಂದರೆ ತಪ್ಪು, ಕಣ್ಣು ಮುಚ್ಚಿತ್ತಲ್ಲ.

"ಸರಿಯಾಗಿ ಕೇಳಿಸ್ತಿದೆ," ಎಂದು ಅತ್ತೆಯ ಕಡೆ ತಿರುಗಿ ನಕ್ಕರು.

ಅವರು ವಿವರಿಸಿದ್ದು ಇಷ್ಟು. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಕಣ್ಣಿನ ಹಿಂದೆ ಒಂದು ಕಡೆ ರಕ್ತ ತುಂಬಿದ ಅಭಿಧಮನಿಯ ಕೊಳದ ನಡುವೆ ಹಾದುಹೋಗುತ್ತದೆ. ಬಿದ್ದ ಪೆಟ್ಟಿಗೆ ಅಲ್ಲಿ ನಾಳ ಹರಿದಿದೆ. ರಭಸದ ರಕ್ತ ಹರಿದ ಜಾಗದಿಂದ ಕೊಳಕ್ಕೆ ನುಗ್ಗುತ್ತಿದೆ. ಆ ರಭಸದ್ದೇ ಸದ್ದು. ಕೊಳ ತುಂಬಿ ರಕ್ತ ಕಣ್ಣಿನ ಕಡೆಗೇ ಮರಳಿ ಒತ್ತುತ್ತಿರುವುದರಿಂದ ಕಣ್ಣು ಕೆಂಪಾಗಿ ಮುಂದೆ ಬಂದಿದೆ, ಕಣ್ಣು ತಿರುಗಿಸುವ ನರ ಸೋತಿದೆ.

"ತೂಬು ಒಡೆದು ಕೆರೆ ನೀರು ಗದ್ದೆಗೆ ನುಗ್ಗಿದಂಗೆ," ಎಂದರು ಅತ್ತೆ.

"ಹಾಗೇ ಅಮ್ಮ. ತಡ ಮಾಡಿದ್ರೆ ದೃಷ್ಟಿ ಹೋಗಬಹುದು. ಕೆಲವರಿಗೆ ಮಿದುಳಿನೊಳಗೆ ರಕ್ತಸ್ರಾವ ಆಗೋದೂ ಉಂಟು. ಆದ್ರೆ ಇದಕ್ಕೆ ಒಳ್ಳೆ ಚಿಕಿತ್ಸೆ ಇದೆ."

ರಕ್ತನಾಳಕ್ಕೆ ಔಷಧಿ ಬಿಟ್ಟು ಮತ್ತೊಂದು ಸ್ಕ್ಯಾನ್ ಮಾಡಿಸಿದರು. ಅವರು ಹೇಳಿದ್ದೇ ಸರಿಯಾಗಿತ್ತು. ಮಂಗಳೂರಿನ ಆಸ್ಪತ್ರೆಗೆ ಅವರೇ ಫೋನ್ ಮಾಡಿದರು.

ವಾಪಸು ಬರುವಾಗ ಈಶ್ವರ್ ಪ್ರತಿ ಗುಂಡಿಗೂ ಕಾರು ನಿಧಾನಿಸುತ್ತಿದ್ದರು. ಶಿಕಾರಿಪುರ ಬಂದ ಮೇಲೆ, "ಮೊಬೈಲ್ ಅಂದ್ಬಿಟ್ಟೆ ನಾನು," ಎಂದರು. ಪಾಪ.

ನವೆಂಬರ್ 30, ಭಾನುವಾರ. ಮಂಗಳೂರು

ಹೆದರಿಕೆಯಾಗಿದೆ. ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 1, ಸೋಮವಾರ

ಇವತ್ತು ಪರವಾಗಿಲ್ಲ. ಚಿಕಿತ್ಸೆ ಮಾಡುವ ಡಾಕ್ಟರ್ ಚಿನ್ಮಯ ಬಂದಿದ್ದರು. ತಲೆ ಕೊಯ್ಯುವುದಿಲ್ಲವಂತೆ. ತೊಡೆಯ ಸಂದಿನ ರಕ್ತನಾಳದಿಂದ ದಾರದಷ್ಟು ಸಣ್ಣ ಕೊಳವೆ ಹಾಕಿ, ಹೊಟ್ಟೆ, ಎದೆ, ಕುತ್ತಿಗೆ ದಾಟಿಸಿ, ಕಣ್ಣಿನ ಹಿಂದೆ ಹರಿದ ಜಾಗಕ್ಕೆ ಹೋಗುತ್ತಾರಂತೆ. ಅಲ್ಲಿ ಪ್ಲಾಟಿನಂ ತಂತಿಯ ಸುರುಳಿಗಳನ್ನು ತುಂಬಿ ಮುಚ್ಚುತ್ತಾರೆ. ನಾಳ ಉಳಿಯುತ್ತದೆ, ಸೋರಿಕೆ ನಿಲ್ಲುತ್ತದೆ.

ಅತ್ತೆ ಎಲ್ಲ ಕೇಳಿ, "ತೊಡೆಯಿಂದ ತಲೆಗೆ ಅಷ್ಟು ದೂರ ಹೋಗೋವಾಗ ದಾರಿ ತಪ್ಪಲ್ವಾ?" ಎಂದರು.

"ಪರದೆ ಮೇಲೆ ದಾರಿ ಕಾಣ್ತಾ ಇರ್ತದೆ ಅಮ್ಮ. ನಾವು ಯಾವಾಗ್ಲೂ ಓಡಾಡುವ ರೋಡೇ ಅದು."

"ರೋಡಿನ ಮೇಲೆ ಜೋಳ ಇಲ್ದಿದ್ರೆ ಸರಿ," ಎಂದರು ಅತ್ತೆ. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಎಷ್ಟು ನಕ್ಕೆನೆಂದರೆ ನರ್ಸ್ ಬಂದು ಬಿ.ಪಿ. ನೋಡಿದಳು.

ಅಪಾಯಗಳನ್ನೂ ಹೇಳಿದರು. ನೂರರಲ್ಲಿ ಕೆಲವರಿಗೆ ಪಾರ್ಶ್ವವಾಯು ಆಗಬಹುದು. ಈಶ್ವರ್ ಮಾಡಿದ ಸಹಿಯಲ್ಲಿ ಅವರ ಹೆಸರು ಅವರಿಗೇ ಓದಲಾಗದಂತಾಯಿತು.

ವಾರ್ಡಿನಲ್ಲಿ ಹೆಂಗಸರು ಮಾತ್ರ ಇರಬಹುದು. ಈಶ್ವರ್ ಕಾರಿನಲ್ಲಿ ಮಲಗುತ್ತಾರೆ, ಅತ್ತೆ ನನ್ನ ಮಂಚದ ಪಕ್ಕ ಚಾಪೆ ಹಾಸಿದ್ದಾರೆ. ಕ್ಯಾಂಟೀನಿನಲ್ಲಿ ಮೀನಿನ ವಾಸನೆ ಎಂದು ಒಳಗೆ ಕಾಲಿಟ್ಟಿಲ್ಲ. ಮನೆಯಿಂದ ತಂದ ಗರಿಗರಿಯಾದ ಕಟಿರೊಟ್ಟಿ, ಶೇಂಗಾ ಚಟ್ನಿಪುಡಿಯ ಮೇಲೇ ಇದ್ದಾರೆ. ಪಕ್ಕದ ಮಂಚದ ಪ್ರಮೀಳಾ ಎನ್ನುವವರಿಗೂ ರೊಟ್ಟಿ ಕೊಟ್ಟರು. ಅವರು ಕಾಪುವಿನವರು. ಅವರ ತುಳು ಇವರಿಗೆ ತಿಳಿಯದು, ಇವರ ಶಿಕಾರಿಪುರದ ಮಾತು ಅವರಿಗೆ ಅರ್ಧಂಬರ್ಧ. ಆದರೂ ಮಧ್ಯಾಹ್ನದಿಂದ ಇಬ್ಬರದೂ ಮಾತು ಮುಗಿದಿಲ್ಲ. ಜೋಳದ ರಾಶಿ ಈಗ ಗುಡ್ಡವಾಗಿದೆ. ನಾನೂ ಒಂದೆರಡು ಮೂಟೆ ಸೇರಿಸಿದೆ.

ನಾಳೆ ಬೆಳಿಗ್ಗೆ ನನ್ನ ಸರದಿ. ಸೊಂಟಕ್ಕೆ ಕೈಯಿಟ್ಟು ಧೈರ್ಯವಾಗಿ ಹೋಗಬೇಕು, ಪಿ.ಟಿ. ಮೇಡಂ.

ಡಿಸೆಂಬರ್ 4, ಗುರುವಾರ

ಸದ್ದಿಲ್ಲ.

ಇದನ್ನು ಬರೆಯಲೆಂದೇ ಪೆನ್ನು ಕೇಳಿ ತರಿಸಿಕೊಂಡೆ. ಸದ್ದಿಲ್ಲ.

ಮಂಗಳವಾರ ಅರಿವಳಿಕೆಯಿಂದ ಎಚ್ಚರವಾದಾಗ ಮೊದಲು ಕೇಳಿದ್ದು ಮಿಷನ್ನಿನ ಟಿಕ್ ಟಿಕ್. ಅದರ ಹಿಂದೆ ನನ್ನದನ್ನು ಹುಡುಕಿದೆ. ಇರಲಿಲ್ಲ. ಸತ್ತಿದ್ದೇನೋ ಎಂದು ಒಂದು ಗಳಿಗೆ ಅನಿಸಿತು. ಕೈಬೆರಳು, ಕಾಲ್ಬೆರಳು ಆಡಿಸಿ ನೋಡಿದೆ, ಎಲ್ಲ ಆಡಿದವು.

ಡಾಕ್ಟರ್ ಚಿನ್ಮಯ ಬಂದು, ಹರಿದ ಜಾಗ ಪೂರ್ತಿ ಮುಚ್ಚಿದೆ ಎಂದರು. ಬಲಗಾಲು ಮಡಚದೆ ಸಂಜೆಯವರೆಗೆ ಅಂಗಾತ ಮಲಗಿರಬೇಕಿತ್ತು. ಕ್ಷಣ ಸುಮ್ಮನಿರದ ನನಗೆ ಅದೇ ದೊಡ್ಡ ಶಿಕ್ಷೆ.

ಐಸಿಯುಗೆ ಒಬ್ಬರನ್ನು ಸ್ವಲ್ಪ ಹೊತ್ತು ಬಿಡುತ್ತೇವೆ, ಯಾರು ಬರಲಿ ಎಂದು ನರ್ಸ್ ಕೇಳಿದಳು. ಅತ್ತೆ ಎಂದೆ. ಈಶ್ವರ್ ಬೇಜಾರು ಮಾಡಿಕೊಂಡಿರಲಾರರು. ಅತ್ತೆಗೆ ಅಲ್ಲಿ ಹೊರಗೆ ಕೂರಲು ಸರಿಯಾದ ಜಾಗ ಇರಲಿಲ್ಲ, ಅದಕ್ಕೇ ಹಾಗೆಂದೆ.

ನೀಲಿ ಗೌನು, ತಲೆಗೆ ಟೋಪಿ ಹಾಕಿಸಿಕೊಂಡು ಬಂದರು. ಹೇಗಿದ್ದೀಯ ಎಂದು ಕೇಳಲಿಲ್ಲ. ನೇರ ಬಂದು, ಬಗ್ಗಿ, ನನ್ನ ಕೆನ್ನೆಲುಬಿಗೆ ಕಿವಿ ಹಚ್ಚಿದರು.

"ಅಜ್ಜಿ, ಮುಟ್ಟಬಾರ್ದು," ಎಂದಳು ನರ್ಸ್.

ಅತ್ತೆ ಕೈಯೆತ್ತಿ ತಡೆದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಏನೂ ಇಲ್ಲ," ಎಂದರು. ಇಷ್ಟು ಸಂತೋಷದಿಂದ ಆ ಮಾತನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಡಿಸೆಂಬರ್ 14, ಭಾನುವಾರ

ಮನೆಗೆ ಬಂದು ವಾರವಾಯಿತು. ಕಣ್ಣಿನ ಕೆಂಪು ತಿಳಿಯಾಗುತ್ತಿದೆ. ಎಡಗಡೆ ನೋಡಿದರೆ ಇನ್ನೂ ಎರಡೆರಡು. ನರ ಸುಧಾರಿಸಲು ತಿಂಗಳುಗಳು ಬೇಕಾಗಬಹುದು, ಕೆಲವರಿಗೆ ಎರಡು ಕಾಣುವುದು ಪೂರ್ತಿ ಹೋಗದೆಯೂ ಇರಬಹುದು ಎಂದಿದ್ದಾರೆ. ಅದೊಂದು ಮಾತು ಮನಸ್ಸಿನಲ್ಲಿ ಕೂತಿದೆ. ಎರಡು ಚೆಂಡು ಕಾಣುವವಳು ಮೈದಾನದಲ್ಲಿ ಏನು ಮಾಡಬೇಕು?

ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡರೆ ಎಲ್ಲ ಒಂದಾಗುತ್ತದೆ, ಆದರೆ ಮೆಟ್ಟಿಲಿನ ಅಂದಾಜು ತಪ್ಪುತ್ತದೆ. ಅತ್ತೆ ಕೈ ಹಿಡಿದು ಇಳಿಸುತ್ತಾರೆ. ಅವರೂ ಬಹಳ ನಿಧಾನ, ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವಿ ಇಡುತ್ತಾರೆ. ನನಗಾಗಿ ಅಷ್ಟು ಜಾಗ್ರತೆ.

ಧಾರಾವಾಹಿಯಲ್ಲಿ ವಿಷ ಹಾಕಿದ್ದು ಯಾರೆಂದು ಸೊಸೆಗೆ ಕೊನೆಗೂ ಗೊತ್ತಾಯಿತು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಬಂದ ಮೇಲೆ ಎಲ್ಲ ಹೇಳಿದೆ.

ಡಿಸೆಂಬರ್ 27, ಶನಿವಾರ

ಅತ್ತೆ ತವರಿಗೆ, ಉಡುತಡಿಗೆ ಹೋಗಿದ್ದಾರೆ. ತಮ್ಮನ ಮನೆಯಲ್ಲಿ ಏನೋ ಕಾರ್ಯ. ಬೆಳಿಗ್ಗೆಯಿಂದ ಮನೆಯಲ್ಲಿ ಏನು ಮಾಡಿದರೂ ಬೇಸರ. ಸಂಜೆ ಟಿವಿ ಹಾಕಿದೆ, ಜೋರಾಗಿಯೇ ಹಾಕಿದೆ. ಅವರಿಗೆ ಫೋನ್ ಮಾಡಿ ಉಪ್ಪಿನಕಾಯಿ ಭರಣಿ ಎಲ್ಲಿದೆ ಎಂದು ಕೇಳಿದೆ. ಅದು ಎದುರಿಗೇ ಇತ್ತು.

ಜನವರಿ 12, ಸೋಮವಾರ

ಶಾಲೆಗೆ ಹೋದೆ. ಹುಡುಗಿಯರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಸಮೀಕ್ಷಾ ಚೆಂಡು ಎಸೆದಳು, ಮೆಲ್ಲಗೆ, ಬಲಗಡೆಯಿಂದ. ಹಿಡಿದೆ.

"ಇನ್ನೊಂದು, ಎಡಗಡೆಯಿಂದ," ಎಂದೆ.

ಎರಡು ಬಂದವು, ಆದರೆ ಒಂದರ ಬೆನ್ನಿಗೊಂದು ಅಂಟಿಕೊಂಡಂತೆ ಬಂದವು. ಮೊದಲಿನ ಹಾಗೆ ದೂರ ದೂರ ಇರಲಿಲ್ಲ. ಹಿಡಿಯಲು ಆಗಲಿಲ್ಲ, ಬೆರಳಿಗೆ ತಾಗಿತು.

ಜನವರಿ 25, ಭಾನುವಾರ

ಇವತ್ತು ಗುಡವಿಗೆ ಹೋಗಿದ್ದೆವು. ಅರವತ್ತು ದಾಟಿದರೂ ಅತ್ತೆ ಆ ಹಕ್ಕಿಕೆರೆಯನ್ನು ನೋಡಿಯೇ ಇರಲಿಲ್ಲ. ಈಶ್ವರ್ ಕಾರಿನಲ್ಲಿ ಕರೆದುಕೊಂಡು ಹೋದರು. ಸುಗ್ಗಿ ಮುಗಿದಿದೆ, ಅವರಿಗೂ ಬಿಡುವು. ಈಗ ಹಕ್ಕಿ ಕಡಿಮೆ ಎಂದು ಅಲ್ಲಿಯ ಕಾವಲುಗಾರ ಹೇಳಿದ. ನಮಗೆ ಸಾಕಷ್ಟಿದ್ದವು.

ನಾನೂ ಅತ್ತೆಯೂ ವೀಕ್ಷಣಾ ಗೋಪುರ ಹತ್ತಿದೆವು. ನೀರಿನ ನಡುವಿನ ಮರದ ಮೇಲೆ ಬೆಳ್ಳಕ್ಕಿಗಳು. ನಾನು ಮುಖ ತಿರುಗಿಸದೆ ಕಣ್ಣು ಮಾತ್ರ ಎಡಕ್ಕೆ ತಿರುಗಿಸಿದೆ. ಒಂಟಿ ಹಕ್ಕಿಯೊಂದು ಬೋಳು ಕೊಂಬೆಯ ಮೇಲೆ ಕೂತಿತ್ತು. ಒಂದೇ ಹಕ್ಕಿ. ಒಂದು ಕಣ್ಣು ಮುಚ್ಚಿ ನೋಡಿದೆ, ಎರಡೂ ತೆರೆದು ನೋಡಿದೆ. ಒಂದೇ. ಅದು ಹಾರಿತು, ಹಾರಿದ್ದೂ ಒಂದೇ.

"ಅತ್ತೆ, ಒಂದೇ ಕಾಣ್ತಿದೆ," ಎಂದೆ.

ಅವರು ನನ್ನ ಬೆನ್ನು ನೇವರಿಸಿದರು. "ನಮ್ಮಪ್ಪ ಬಸವಣ್ಣ ದೊಡ್ಡೋನು," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಹಕ್ಕಿ ಎಲ್ಲವೆ?" ಎಂದು ಕೇಳಿದರು.

"ಅಗೋ, ಮರದ ತುಂಬ, ಬೆಳ್ಳಗೆ."

"ಅದು ಹೂವು ಅಲ್ವಾ?"

ನಾನು ತಿರುಗಿ ಅವರ ಮುಖ ನೋಡಿದೆ. ಎರಡು ತಿಂಗಳಿನಿಂದ ಅವರು ನನ್ನ ಕಣ್ಣನ್ನು ನೋಡಿದ್ದೇ ನೋಡಿದ್ದು, ನಾನು ಅವರದನ್ನು ನೋಡಿರಲಿಲ್ಲ. ಬಲಗಣ್ಣಿನ ಪಾಪೆಯ ಮೇಲೆ ಬೂದುಬಣ್ಣ, ಮಂಜು ಕವಿದ ಹಾಗೆ, ಎಡಗಣ್ಣಿನಲ್ಲೂ ಅದರ ತೆಳು ನೆರಳು. ಅವರ ಎಡಗಣ್ಣನ್ನು ನನ್ನ ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಬೆರಳು ತೋರಿಸಿದೆ.

"ಎಷ್ಟು?"

"ಕೈ ಐತೆ ಅಂತ ಗೊತ್ತಾಗ್ತೈತೆ."

"ಯಾವಾಗಿಂದ?"

"ಹೋದ ಯುಗಾದಿಯಿಂದ ಇರಬೇಕು. ಹೊಗೆ ಹೊಗೆ."

"ಯಾಕೆ ಹೇಳ್ಲಿಲ್ಲ ನೀವು?"

"ನಿಂಗೆ ಎರಡೆರಡು ಕಾಣ್ತಿತ್ತು, ನಂಗೆ ಅರ್ಧ ಕಾಣ್ತಿತ್ತು. ಮನೆ ಲೆಕ್ಕಕ್ಕೆ ಸರಿ ಹೋಗಿತ್ತು ಬಿಡು," ಎಂದು ನಕ್ಕರು.

ನಗು ಬಂತು, ಸಿಟ್ಟೂ ಬಂತು. ಗೋಪುರದ ಮೇಲಿನಿಂದಲೇ ಡಾಕ್ಟರ್ ಮಾನಸ ಅವರಿಗೆ ಫೋನ್ ಮಾಡಿದೆ. ಪೊರೆ ಇರಬೇಕು, ಗುರುವಾರ ಕರೆದುಕೊಂಡು ಬನ್ನಿ, ಸಣ್ಣ ಆಪರೇಷನ್ ಎಂದರು. ಜೊತೆಗೆ ಯಾರು ಇರುತ್ತಾರೆ ಎಂದು ಕೇಳಿದರು. ಇದೆಂಥ ಪ್ರಶ್ನೆ ಅನಿಸಿತು. ಹೆಡ್‌ಮೇಡಂಗೆ ರಜೆಯ ಮೆಸೇಜನ್ನೂ ಅಲ್ಲಿಂದಲೇ ಹಾಕಿದೆ.

"ನಂಗೇನೂ ಬೇಡ," ಎಂದರು ಅತ್ತೆ.

"ನಿಮ್ಮನ್ನ ಯಾರು ಕೇಳಿದ್ರು?" ಎಂದೆ.

ಆಮೇಲೆ ಅವರನ್ನು ಗೋಪುರದ ಕಟ್ಟೆಯ ಮೇಲೇ ಕೂರಿಸಿ ಒಂದೊಂದೇ ಹಕ್ಕಿಯನ್ನು ಹೇಳತೊಡಗಿದೆ. ಇದು ಕೊಕ್ಕು ತಿಕ್ಕುತ್ತಿದೆ, ಇದು ಒಂಟಿಕಾಲಿನಲ್ಲಿ ನಿಂತಿದೆ, ಇವೆರಡು ಒಂದೇ ಕೊಂಬೆಗೆ ಜಗಳ ಆಡುತ್ತಿವೆ. ಅವರು ಕೇಳುತ್ತ, "ಯಾವುದು ಗೆದ್ದೀತು?" ಎನ್ನುತ್ತಿದ್ದರು. ಕೆಳಗಿನಿಂದ ಈಶ್ವರ್ ಹೊತ್ತಾಯಿತು ಎಂದು ಕೈ ಬೀಸಿ ಕರೆಯುತ್ತಿದ್ದರು. ಇನ್ನೊಂದು ಮರ ಬಾಕಿ ಇದೆ, ಸ್ವಲ್ಪ ಇರಿ ಎಂದು ನಾನೂ ಕೈ ಬೀಸಿದೆ.